ಎಸ್ಪಿ ಸಾಹೇಬರು ಪಕ್ಷ ಕಟ್ಟಲಿ ಅಂತೀರಲ್ಲ

ಸಿಂಧನೂರಿನ ಓದುಗರೊಬ್ಬರ ಪತ್ರದ ಸಾರ ಇದು: ನಮ್ಮ ಭಾಗದ ರಾಜಕಾರಣಿಗಳಿಂದ ಇನ್ನು ಏನೂ ಆಗುವುದಿಲ್ಲ. ಒಬ್ಬ ಖಡಕ್ ಐಪಿಎಸ್ ಅಧಿಕಾರಿ ರಾಜೀನಾಮೆ ಬಿಸಾಕಿ ಬಂದು ರಾಯಚೂರು, ಕೊಪ್ಪಳ, ಬಳ್ಳಾರಿಗೆ ಅಂತಲೇ ಒಂದು ಪ್ರಾದೇಶಿಕ ಪಕ್ಷ ಕಟ್ಟಿದರೆ ಒಂದೇ ಚುನಾವಣೆಯಲ್ಲಿ ಎಲ್ಲ ನೆಟ್ಟಗಾಗುತ್ತದೆ. ಅಣ್ಣಾಮಲೈ ತಮಿಳುನಾಡಿನಲ್ಲಿ ಮಾಡಿ ತೋರಿಸಲಿಲ್ಲವೇ? ನಿಮ್ಮ ಪತ್ರಿಕೆ ಅಂಥವರನ್ನು ಯಾಕೆ ಕರೆಯುವುದಿಲ್ಲ?

ಕರೆಯುವುದಿಲ್ಲ, ಸ್ವಾಮಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ.

ಪೊಲೀಸರಿಗೆ ರಾಜಕೀಯ ಒಗ್ಗುವುದಿಲ್ಲ ಎಂದು ನಾವು ಹೇಳುತ್ತಿಲ್ಲ. ಯಾವ ಊರಿನ ಮರಳು ಟಿಪ್ಪರ್ ಯಾರದು, ಮಟ್ಕಾ ಚೀಟಿ ಬರೆಯುವವನ ಬೆನ್ನಿಗೆ ಯಾರಿದ್ದಾರೆ, ಯಾರ ಹೊಲ ಯಾರ ಹೆಸರಿನಲ್ಲಿದೆ ಎಂಬುದು ಅವರಷ್ಟು ತಾಲ್ಲೂಕಿನಲ್ಲಿ ಇನ್ನೊಬ್ಬರಿಗೆ ತಿಳಿದಿರಲಿಕ್ಕಿಲ್ಲ. ಅದು ಸಣ್ಣ ಬಂಡವಾಳವಲ್ಲ. ಅಷ್ಟು ಒಪ್ಪಿ ಮುಂದಕ್ಕೆ ಹೋಗೋಣ.

ನೀವು ಕೊಟ್ಟ ಉದಾಹರಣೆಯನ್ನೇ ಹಿಡಿಯಿರಿ. ಅಣ್ಣಾಮಲೈ 2011ರ ತಂಡದ ಕರ್ನಾಟಕ ಕೇಡರ್ ಅಧಿಕಾರಿ. ಉಡುಪಿ, ಚಿಕ್ಕಮಗಳೂರಿನಲ್ಲಿ ಎಸ್ಪಿ, ಬೆಂಗಳೂರು ದಕ್ಷಿಣದಲ್ಲಿ ಡಿಸಿಪಿ. 2019ರಲ್ಲಿ ರಾಜೀನಾಮೆ ಕೊಟ್ಟು 2020ರ ಆಗಸ್ಟ್‌ನಲ್ಲಿ ಬಿಜೆಪಿ ಸೇರಿದರು, 2021ರ ಜುಲೈಗೆ ರಾಜ್ಯಾಧ್ಯಕ್ಷರಾದರು. ಅಂದರೆ ಅವರು ಪಕ್ಷ ಕಟ್ಟಲಿಲ್ಲ, ಕಟ್ಟಿದ ಮನೆಗೆ ಹೋದರು. 2021ರಲ್ಲಿ ಅರವಕುರಿಚಿಯಲ್ಲಿ ಸೋತರು, 2024ರಲ್ಲಿ ಕೊಯಮತ್ತೂರಿನಲ್ಲಿ ಸೋತರು, 2025ರ ಏಪ್ರಿಲ್‌ನಲ್ಲಿ ಕುರ್ಚಿ ನೈನಾರ್ ನಾಗೇಂದ್ರನ್ ಅವರ ಪಾಲಾಯಿತು. 2024ರಲ್ಲಿ ಪಕ್ಷದ ಮತ ಪ್ರಮಾಣ ಶೇ 11ರ ಆಚೆ ಹೋದದ್ದು ನಿಜ. ಆದರೆ ನೀವು ಹೇಳಿದ ಆ 'ಒಂದೇ ಚುನಾವಣೆ' ಇನ್ನೂ ಬಂದಿಲ್ಲ.

ಅಷ್ಟು ದೂರ ಹೋಗುವುದೇಕೆ, ಅವಿಭಜಿತ ಬಳ್ಳಾರಿ ಜಿಲ್ಲೆಯ ಕೂಡ್ಲಿಗಿಯನ್ನು ಮರೆತಿರಾ? ಡಿವೈಎಸ್ಪಿ ಅನುಪಮಾ ಶೆಣೈ ಅವರನ್ನು 2016ರ ಜನವರಿಯಲ್ಲಿ ಇಂಡಿಗೆ ಎತ್ತಂಗಡಿ ಮಾಡಿದಾಗ ಜನ ಬೀದಿಗಿಳಿದರು, ಆದೇಶ ವಾಪಸಾಯಿತು. ಜೂನ್‌ನಲ್ಲಿ ಅವರೇ ರಾಜೀನಾಮೆ ಕೊಟ್ಟರು. ಮರುವರ್ಷ ಭಾರತೀಯ ಜನಶಕ್ತಿ ಕಾಂಗ್ರೆಸ್ ಎಂಬ ಪಕ್ಷ ಕಟ್ಟಿದರು. 2018ರಲ್ಲಿ ನಿಂತದ್ದು ಎಲ್ಲಿ? ತಮ್ಮ ಊರ ಕಡೆಯ ಕಾಪುವಿನಲ್ಲಿ. ಸೋತರು. ಕೂಡ್ಲಿಗಿ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರ. ಬೀದಿಗಿಳಿದ ಜನ ಒಂದು ಕಡೆ, ಅಭ್ಯರ್ಥಿ ಇನ್ನೊಂದು ಕಡೆ.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇವೆಂದರೆ, ನೀವು ಕನಸು ಕಂಡ ಮೂರು ಜಿಲ್ಲೆಗಳಲ್ಲಿ ಈಗ ಇರುವುದು 17 ವಿಧಾನಸಭಾ ಕ್ಷೇತ್ರ. ಪರಿಶಿಷ್ಟ ಪಂಗಡಕ್ಕೆ ಎಂಟು: ರಾಯಚೂರು ಗ್ರಾಮೀಣ, ಮಾನ್ವಿ, ದೇವದುರ್ಗ, ಮಸ್ಕಿ, ಕಂಪ್ಲಿ, ಸಿರುಗುಪ್ಪ, ಬಳ್ಳಾರಿ ಗ್ರಾಮಾಂತರ, ಸಂಡೂರು. ಪರಿಶಿಷ್ಟ ಜಾತಿಗೆ ಲಿಂಗಸುಗೂರು, ಕನಕಗಿರಿ. ಉಳಿದದ್ದು ಏಳು. ಲೋಕಸಭೆಗೆ ಬಂದರೆ ರಾಯಚೂರು, ಬಳ್ಳಾರಿ ಎರಡೂ ಮೀಸಲು, ಕೊಪ್ಪಳ ಮಾತ್ರ ಸಾಮಾನ್ಯ. ನಿಮ್ಮ ಖಡಕ್ ಸಾಹೇಬರು ಯಾರೇ ಇರಲಿ, ತಮಗೆ ಜೈಕಾರ ಬಿದ್ದ ಊರಿನಲ್ಲೇ ನಿಲ್ಲಬಹುದೆಂಬ ಖಾತ್ರಿ ಇಲ್ಲ. ಹಾಗಿದ್ದ ಮೇಲೆ ಬೇರೆಯವರನ್ನು ನಿಲ್ಲಿಸಿ ಗೆಲ್ಲಿಸಬೇಕು. ಅದಕ್ಕೆ ಹೆಸರು ಸಾಲದು, ಸಂಘಟನೆ ಬೇಕು.

ಸಂಘಟನೆ ಎಂದರೆ ಏನು, ಹತ್ತಿರದಿಂದ ನೋಡಿ. ಪಕ್ಷ ನೋಂದಾಯಿಸಲು ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಂ ಪ್ರಕಾರ ಸ್ಥಾಪನೆಯಾದ 30 ದಿನದೊಳಗೆ ಅರ್ಜಿ, ಕನಿಷ್ಠ 100 ಮಂದಿ ಮತದಾರ ಸದಸ್ಯರು, 10,000 ರೂಪಾಯಿ ಶುಲ್ಕ, ಆಕ್ಷೇಪಣೆ ಕರೆದು ಪತ್ರಿಕೆಗಳಲ್ಲಿ ಪ್ರಕಟಣೆ. ಇದು ಸುಲಭದ ಭಾಗ. ಮಾನ್ಯತೆ ಇಲ್ಲದ ಪಕ್ಷದ ಅಭ್ಯರ್ಥಿಗೆ ನಾಮಪತ್ರಕ್ಕೆ ಅದೇ ಕ್ಷೇತ್ರದ ಹತ್ತು ಸೂಚಕರ ಸಹಿ ಬೇಕು, ಮಾನ್ಯತೆ ಇದ್ದವರಿಗೆ ಒಬ್ಬರು ಸಾಕು. ವಿಧಾನಸಭೆಗೆ ಠೇವಣಿ 10,000, ಪರಿಶಿಷ್ಟರಿಗೆ 5,000. ಚಲಾವಣೆಯಾದ ಸಿಂಧು ಮತದ ಆರನೇ ಒಂದು ಪಾಲು ದಾಟದಿದ್ದರೆ ಅದೂ ಹೋಯಿತು. ಮತದಾನದ ದಿನ ಒಂದೊಂದು ಕ್ಷೇತ್ರದಲ್ಲಿ ಇನ್ನೂರಕ್ಕೂ ಹೆಚ್ಚು ಬೂತ್. ಒಂದೊಂದರಲ್ಲೂ ನಸುಕಿನಲ್ಲೇ ಹೋಗಿ ಕನಿಷ್ಠ 50 ಅಣಕು ಮತ ಹಾಕಿಸಿ ನೋಡಿ, ಸಂಜೆ ಯಂತ್ರಕ್ಕೆ ಮೊಹರು ಬಿದ್ದ ಮೇಲೆ ಬಿದ್ದ ಮತಗಳ ಲೆಕ್ಕವಿರುವ 17ಸಿ ನಮೂನೆಯ ಪ್ರತಿ ಇಸಿದುಕೊಂಡೇ ಏಳುವ ಒಬ್ಬ ಏಜೆಂಟ್ ಬೇಕು. ಮಧ್ಯಾಹ್ನ ಊಟಕ್ಕೆಂದು ಎದ್ದುಹೋಗಿ ತಿರುಗಿ ಬರದವನಿಂದ ಸೋತ ಚುನಾವಣೆಗಳಿಗೆ ಲೆಕ್ಕವಿಲ್ಲ. ಎಸ್ಪಿ ಸಾಹೇಬರು ಇಷ್ಟು ವರ್ಷ ಆಜ್ಞೆ ಕೊಟ್ಟು ಜನರನ್ನು ಕೂರಿಸಿದವರು. ಈ ಏಜೆಂಟ್ ಸಂಬಳದವನಲ್ಲ, ಮೆಮೊ ಕೊಟ್ಟರೆ ಹೆದರುವವನೂ ಅಲ್ಲ.

ಇನ್ನು 'ರಾಜೀನಾಮೆ ಬಿಸಾಕಿ' ಎಂದಿರಲ್ಲ, ಅದು ಬಿಸಾಕುವ ವಸ್ತುವೇ ಅಲ್ಲ. ಐಪಿಎಸ್ ಅಧಿಕಾರಿಯ ರಾಜೀನಾಮೆ ರಾಜ್ಯ ಸರ್ಕಾರದ ಮೂಲಕ ಕೇಂದ್ರಕ್ಕೆ ಹೋಗಬೇಕು. ಬಾಕಿ ವಿಚಾರಣೆ ಇದೆಯೇ, ವಿಜಿಲೆನ್ಸ್ ಏನು ಹೇಳುತ್ತದೆ, ಸರ್ಕಾರಕ್ಕೆ ಕೊಡಬೇಕಾದ್ದು ಎಷ್ಟು, ಎಲ್ಲ ನೋಡಿ ಅಂಗೀಕಾರ. 20 ವರ್ಷ ಸೇವೆಯಾಗಿದ್ದರೆ ಮೂರು ತಿಂಗಳ ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿ ಕೇಳಬಹುದು. ಜಾರಿಯಾದ ರಾಜೀನಾಮೆಯನ್ನೂ 90 ದಿನದೊಳಗೆ ಹಿಂಪಡೆಯಲು ಅವಕಾಶ ಉಂಟು, ಆದರೆ ರಾಜಕೀಯಕ್ಕೆಂದು ಬಿಟ್ಟವರಿಗೆ ಆ ಬಾಗಿಲು ಮುಚ್ಚಿದೆ. ನಿವೃತ್ತನಾದವನು ಖಾಸಗಿ ಕಂಪನಿ ಸೇರಬೇಕಾದರೆ ಒಂದು ವರ್ಷ ಕಾಯಬೇಕು ಅಥವಾ ಅನುಮತಿ ಕೇಳಬೇಕು, ಪಕ್ಷದ ಶಾಲು ಹೊದೆಯಲು ಒಂದು ದಿನವೂ ಕಾಯಬೇಕಿಲ್ಲ. ಇದು ನಮಗೆ ಇಂದಿಗೂ ಬಿಡಿಸಲಾಗದ ಒಗಟು.

ಎಡವುವ ಜಾಗ ಇನ್ನೊಂದಿದೆ. 2024ರಲ್ಲಿ ಪಶ್ಚಿಮ ಬಂಗಾಳದ ಬೀರ್‌ಭೂಮ್‌ನಲ್ಲಿ ಐಪಿಎಸ್ ಬಿಟ್ಟು ಬಂದ ದೇಬಾಶಿಸ್ ಧರ್ ಬಿಜೆಪಿ ಅಭ್ಯರ್ಥಿ. ಬಾಕಿ ಇಲ್ಲವೆಂಬ ಪ್ರಮಾಣಪತ್ರ ಇಲ್ಲದೆ ಅವರ ನಾಮಪತ್ರ ತಿರಸ್ಕೃತವಾಯಿತು. ನಾಮಪತ್ರದ ಜೊತೆಗಿನ 26ನೇ ನಮೂನೆಯ ಅಫಿಡವಿಟ್‌ನಲ್ಲಿ ಹಿಂದಿನ ಹತ್ತು ವರ್ಷ ಸರ್ಕಾರಿ ವಸತಿಯಲ್ಲಿ ಇದ್ದಿರಾ ಎಂದು ಕೇಳುತ್ತಾರೆ. ಇದ್ದರೆ ಬಾಡಿಗೆ, ಕರೆಂಟು, ನೀರು, ಟೆಲಿಫೋನು ಇವುಗಳ ಬಾಕಿ ಇಲ್ಲವೆಂಬ ಚೀಟಿ ಬೇಕು. ವರ್ಷಕ್ಕೊಂದು ಊರಿಗೆ ವರ್ಗವಾದ ಅಧಿಕಾರಿ ಹತ್ತು ಕ್ವಾರ್ಟರ್ಸ್‌ಗಳ ಚೀಟಿಗೆ ಹತ್ತು ಊರು ಅಲೆಯಬೇಕು. ವರ್ಗಾವಣೆ ಅವರನ್ನು ಅಲ್ಲಿಯೂ ಬಿಡುವುದಿಲ್ಲ!

ಬಳ್ಳಾರಿಯವರಿಗೆ ಮರೆಯಲಾಗದ ಇನ್ನೊಂದು ಕಥೆ. 2011ರ ಸೆಪ್ಟೆಂಬರ್ 5ರಂದು ಸಿಬಿಐನವರು ಬಳ್ಳಾರಿಗೆ ಬಂದು ಅಕ್ರಮ ಗಣಿಗಾರಿಕೆ ಪ್ರಕರಣದಲ್ಲಿ ಗಾಲಿ ಜನಾರ್ದನ ರೆಡ್ಡಿಯವರನ್ನು ಬಂಧಿಸಿ ಹೈದರಾಬಾದಿಗೆ ಒಯ್ದರು. ಆ ತನಿಖೆಯ ಮುಂದಾಳು ಜಂಟಿ ನಿರ್ದೇಶಕ ವಿ.ವಿ. ಲಕ್ಷ್ಮೀನಾರಾಯಣ. ಆಗ ತೆಲುಗು ಸೀಮೆಯಲ್ಲಿ 'ಜೆ.ಡಿ.' ಎಂದರೆ ಮನೆಮಾತು. ಅವರು 2018ರಲ್ಲಿ ಸ್ವಯಂ ನಿವೃತ್ತಿ ಪಡೆದು, ಜನಸೇನಾದಿಂದ 2019ರಲ್ಲಿ ವಿಶಾಖಪಟ್ಟಣಕ್ಕೆ ನಿಂತು ಸೋತರು. 2023ರ ಡಿಸೆಂಬರ್‌ನಲ್ಲಿ ಜೈ ಭಾರತ್ ನ್ಯಾಷನಲ್ ಪಾರ್ಟಿ ಕಟ್ಟಿ 2024ರಲ್ಲಿ ಮತ್ತೆ ಸೋತರು. ಅತ್ತ ಬಂಧಿತರಾಗಿದ್ದವರು 2022ರ ಡಿಸೆಂಬರ್‌ನಲ್ಲಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಕಟ್ಟಿ, ಐದೇ ತಿಂಗಳಲ್ಲಿ ಗಂಗಾವತಿಯಲ್ಲಿ ಗೆದ್ದರು. ಮರುವರ್ಷ ಮಾರ್ಚ್‌ನಲ್ಲಿ ಪಕ್ಷವನ್ನು ಬಿಜೆಪಿಯಲ್ಲಿ ಕರಗಿಸಿದರು. 2025ರ ಮೇನಲ್ಲಿ ಸಿಬಿಐ ನ್ಯಾಯಾಲಯ ಏಳು ವರ್ಷ ಶಿಕ್ಷೆ ವಿಧಿಸಿತು, ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಅದನ್ನು ಅಮಾನತಿನಲ್ಲಿಟ್ಟಿತು. ಅಂದಹಾಗೆ, ರೆಡ್ಡಿ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್ ಮಗ. ಇದನ್ನು ಮೆಚ್ಚಿ ಬರೆಯುತ್ತಿಲ್ಲ. ಹಿಡಿದವರ ಕೀರ್ತಿ ಮತವಾಗಲಿಲ್ಲ, ಅಷ್ಟೇ.

ಯಾಕೆ ಆಗುವುದಿಲ್ಲ? ನಿಮ್ಮ ಊರಿನ ಕಾಲುವೆಯನ್ನೇ ಕೇಳಿ. ತುಂಗಭದ್ರಾ ಎಡದಂಡೆಯಲ್ಲಿ ನೀರು ಕಡಿಮೆಯಾದಾಗ ಎಸ್ಪಿಗೆ ಬರುವುದು ಬಂದೋಬಸ್ತಿನ ಪತ್ರ: ಇಂತಿಷ್ಟು ಸಿಬ್ಬಂದಿ, ಇಂಥ ಗೇಟಿಗೆ ಕಾವಲು, ಅಕ್ರಮ ಪಂಪ್‌ಸೆಟ್ ತೆರವು. ಮಾನ್ವಿ, ಸಿರವಾರದ ಕೊನೆ ಭಾಗದ ರೈತ ಕೇಳುವುದು ಬೇರೆ ಪ್ರಶ್ನೆ: ಕಾಲುವೆಯ ಮೈಲು 69ರಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟು ಅಡಿ ನಿಂತಿದೆ, 104ಕ್ಕೆ ಬರುವಾಗ ಎಷ್ಟು ಉಳಿದಿದೆ, ನಡುವೆ ಕುಡಿದವರು ಯಾರು? ಮೇಲಿನ ಗಂಗಾವತಿ, ಕಾರಟಗಿಯ ಭತ್ತದವನಿಗೂ ಕೆಳಗಿನವನಿಗೂ ಒಟ್ಟಿಗೆ ಮುಖ ತೋರಿಸಿ ಮಾತಾಡಬಲ್ಲವನು ಈ ಸೀಮೆಯ ನಾಯಕ. ಗೇಟಿಗೆ ಕಾವಲು ಹಾಕಿದವನಿಗೆ ಕೆಳಗಿನವರು ಒಂದು ದಿನ ಹೂವಿನ ಹಾರ ಹಾಕುತ್ತಾರೆ, ಮೇಲಿನವರು ಐದು ವರ್ಷ ನೆನಪಿಡುತ್ತಾರೆ. ರಾಯಚೂರಿನಲ್ಲಿ ಹಿಂದೆ ಜಿಲ್ಲಾಧಿಕಾರಿಯಾಗಿದ್ದ ಜಿ. ಕುಮಾರ ನಾಯಕ 2024ರಲ್ಲಿ ಅಲ್ಲಿಂದಲೇ ಸಂಸದರಾದರಲ್ಲ ಎನ್ನಬಹುದು. ಹೌದು. ಡಿಸಿಯದು ಕೊಡುವ ಕೈ, ಎಸ್ಪಿಯದು ತಡೆಯುವ ಕೈ. ಮೇಲಾಗಿ ಅವರ ಬೆನ್ನಿಗೆ ಕಾಂಗ್ರೆಸ್ ಇತ್ತು.

ಖಾಕಿ ಬಿಟ್ಟು ನಿಜವಾಗಿ ಪ್ರಾದೇಶಿಕ ಪಕ್ಷ ಕಟ್ಟಿ ಗೆದ್ದವರು ಬೇಕೆಂದರೆ ಮಿಜೋರಾಂ ಕಡೆ ನೋಡಿ. ಲಾಲ್ದುಹೊಮಾ ಅವರ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ನಾಲ್ಕು ಸಾಲು ಬಂದರೆ ಹೆಚ್ಚು. ಗೋವಾದಲ್ಲಿ ಐಪಿಎಸ್ ಅಧಿಕಾರಿ, ಆಮೇಲೆ ಇಂದಿರಾ ಗಾಂಧಿಯವರ ಭದ್ರತೆಯ ಹೊಣೆ. 1984ರಲ್ಲಿ ನೌಕರಿ ಬಿಟ್ಟು ಸಂಸದರಾದರು. 1988ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆಯಡಿ ಸ್ಥಾನ ಕಳೆದುಕೊಂಡ ದೇಶದ ಮೊದಲ ಸಂಸದ ಎನಿಸಿದರು. 1997ರಲ್ಲಿ ಸ್ವಂತ ಪಕ್ಷ. ಬಳಿಕ ಸಣ್ಣ ಪಕ್ಷಗಳನ್ನೆಲ್ಲ ಸೇರಿಸಿ ಜೋರಾಂ ಪೀಪಲ್ಸ್ ಮೂವ್‌ಮೆಂಟ್. 2018ರಲ್ಲಿ ಸೆರ್ಚಿಪ್‌ನಲ್ಲಿ ಹಾಲಿ ಮುಖ್ಯಮಂತ್ರಿಯನ್ನೇ ಸೋಲಿಸಿದರು. ಪಕ್ಷೇತರರಾಗಿ ಗೆದ್ದವರು ಪಕ್ಷಕ್ಕೆ ಸೇರಿದರೆಂದು 2020ರಲ್ಲಿ ಮತ್ತೆ ಅನರ್ಹತೆ, 2021ರ ಉಪಚುನಾವಣೆಯಲ್ಲಿ ಮತ್ತೆ ಗೆಲುವು. 2023ರಲ್ಲಿ 40ರಲ್ಲಿ 27 ಸ್ಥಾನ, ಡಿಸೆಂಬರ್ 8ರಂದು ಮುಖ್ಯಮಂತ್ರಿ. ಸಮವಸ್ತ್ರ ಕಳಚಿ 39 ವರ್ಷ! ಅಷ್ಟು ಹೊತ್ತಿಗೆ ಆ ಮನುಷ್ಯನನ್ನು ಮಾಜಿ ಪೊಲೀಸ್ ಎಂದು ನೆನೆಯುವವರು ಕಡಿಮೆಯಾಗಿದ್ದರು. ನಮ್ಮ ನೆರೆಯ ಸೊಲ್ಲಾಪುರದ ಸುಶೀಲ್ ಕುಮಾರ್ ಶಿಂದೆಯವರೂ ಹಾಗೆಯೇ. ಕೋರ್ಟಿನ ಸಣ್ಣ ನೌಕರಿಯಿಂದ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆಗಿ, ಅದನ್ನೂ ಬಿಟ್ಟು ರಾಜಕೀಯಕ್ಕೆ ಬಂದು, ಮುಖ್ಯಮಂತ್ರಿಯಾಗಲು 2003ರ ತನಕ ಕಾದರು. ಇಂಥವರನ್ನು ಕರೆಯಿರಿ ಎಂದರೆ ನಾವೂ ಕರೆಯುತ್ತೇವೆ. ನಿಮಗೆ ಕಾಯುವ ತಾಳ್ಮೆ ಇದೆಯೇ?

ನಮ್ಮ ತಕರಾರು ಇಷ್ಟು. ಒಳ್ಳೆಯ ಅಧಿಕಾರಿ ಸಿಕ್ಕ ಕೂಡಲೇ ನಾವು ಅವರನ್ನು ನೌಕರಿಯಿಂದ ಬಿಡಿಸಿ ವೇದಿಕೆ ಹತ್ತಿಸುವ ಮಾತಾಡುತ್ತೇವೆ, ಇದ್ದ ಜಾಗದಲ್ಲೇ ಇರಗೊಡಿ ಎಂದು ಕೇಳುವುದಿಲ್ಲ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದೇ ಹೇಳಿದೆ: ಎಸ್ಪಿಗೂ ಠಾಣಾಧಿಕಾರಿಗೂ ಕನಿಷ್ಠ ಎರಡು ವರ್ಷ ಒಂದೇ ಜಾಗ. ಶಿಸ್ತುಕ್ರಮ, ಅಪರಾಧದ ಶಿಕ್ಷೆ, ಅನಾರೋಗ್ಯದಂಥ ಕಾರಣವಿದ್ದರಷ್ಟೇ ಮೊದಲು ಎತ್ತಬಹುದು. ಡಿವೈಎಸ್ಪಿ ಮತ್ತು ಕೆಳಗಿನವರ ವರ್ಗಾವಣೆ ಡಿಜಿಪಿ ಮತ್ತು ನಾಲ್ವರು ಹಿರಿಯರ ಮಂಡಳಿಯ ಕೈಯಲ್ಲಿರಬೇಕು. ಆದರೆ ಶಾಸಕರ 'ಮಿನಿಟ್', ಅಂದರೆ ಶಿಫಾರಸು ಪತ್ರ, ಇಲ್ಲದೆ ಇನ್‌ಸ್ಪೆಕ್ಟರ್ ಠಾಣೆಗೆ ಬರುವುದಿಲ್ಲ ಎನ್ನುವುದು ಪೊಲೀಸರೇ ಆಡುವ ಮಾತು. ಹೊಸ ಪಿಎಸ್‌ಐಗೆ ಬೀಟ್ ಹಳ್ಳಿಗಳ ದಾರಿ ತಿಳಿಯಲು ಆರು ತಿಂಗಳು, ಹಳೆಯ ಜಗಳಗಳ ಬೇರು ತಿಳಿಯಲು ಒಂದು ವರ್ಷ. ತಿಳಿಯಿತು ಎನ್ನುವಷ್ಟರಲ್ಲಿ ಬೀಳ್ಕೊಡುಗೆ ಶಾಲು. ಅದರ ಫೋಟೊ ನಮ್ಮಂಥ ಪತ್ರಿಕೆಗಳಲ್ಲೇ ಬರುತ್ತದೆ, ಆ ತಪ್ಪು ನಮ್ಮದೂ ಹೌದು.

ನಿಮಗೊಂದು ಕೆಲಸ ಹೇಳುತ್ತೇವೆ. ಠಾಣೆಗೆ ಹೋದರೆ ಇನ್‌ಸ್ಪೆಕ್ಟರ್ ಕುರ್ಚಿಯ ಹಿಂದಿನ ಗೋಡೆಯಲ್ಲಿ ಒಂದು ಹಲಗೆ ಇರುತ್ತದೆ: ಇಲ್ಲಿ ಸೇವೆ ಸಲ್ಲಿಸಿದ ಅಧಿಕಾರಿಗಳ ಹೆಸರು, 'ಇಂದ', 'ವರೆಗೆ'. ಕಳೆದ ಹತ್ತು ವರ್ಷದ ಸಾಲುಗಳನ್ನು ಕೂತು ಬರೆದುಕೊಳ್ಳಿ. ಎರಡು ವರ್ಷ ತುಂಬಿಸಿದವರು ಎಷ್ಟು ಮಂದಿ ಎಂದು ಪಕ್ಕದಲ್ಲಿ ಗುರುತು ಹಾಕಿ, ನಮಗೆ ಕಳಿಸಿ. ಹೆಸರು ಬಿಟ್ಟು ತಾರೀಖುಗಳನ್ನಷ್ಟೇ ಅಚ್ಚು ಹಾಕುತ್ತೇವೆ.

– ಸಂಪಾದಕ