ಸಂಪಾದಕರ ಉತ್ತರ: ಹುಬ್ಬಿನ ಪೆನ್ಸಿಲ್ಲು

ಧಾರವಾಡದ ಓದುಗರೊಬ್ಬರ ಪತ್ರ: ‘ಈಜಿಪ್ಟಿನ ನವಾಲ್ ಎಲ್ ಸಾದಾವಿ ಬಗ್ಗೆ ಹೋದ ಸಂಚಿಕೆಯಲ್ಲಿ ಅಷ್ಟುದ್ದದ ಲೇಖನ ಯಾಕೆ? ಹೋರಾಟಗಾರ್ತಿ, ಒಪ್ಪೋಣ. ಆದರೆ ಭಾಷಣ ಮಾಡುವವರನ್ನೆಲ್ಲ ಸಾಹಿತಿ ಅಂದರೆ ಹೇಗೆ?’

ಪ್ರಿಯ ಓದುಗರೇ,

ನಿಮ್ಮ ಪತ್ರ ಓದಿ ಮೊದಲು ಸಿಟ್ಟು ಬಂತು, ಆಮೇಲೆ ಅರ್ಧ ಸರಿ ಅನ್ನಿಸಿತು. ಆಕೆಯ ಕೆಲವು ಕಾದಂಬರಿಗಳಲ್ಲಿ ಪಾತ್ರಗಳಿಗಿಂತ ಸಾದಾವಿಯೇ ಜಾಸ್ತಿ ಮಾತಾಡುತ್ತಾರೆ, ನಿಜ. ಉಳಿದರ್ಧಕ್ಕೆ ಈ ಉತ್ತರ.

ಆಕೆ ಡಾಕ್ಟರು. 1931ರಲ್ಲಿ ಕಾಫ್ರ್ ತಹ್ಲಾ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ಆರನೇ ವಯಸ್ಸಿಗೆ ಮನೆಯವರೇ ಯೋನಿಛೇದನ ಮಾಡಿಸಿದ್ದರು. 1955ರಲ್ಲಿ ಡಾಕ್ಟರಾಗಿ, ಮುಂದೆ ಅದನ್ನೆಲ್ಲ ಬಿಚ್ಚಿ ಬರೆದದ್ದಕ್ಕೆ 1972ರಲ್ಲಿ ಆರೋಗ್ಯ ಇಲಾಖೆಯ ಕೆಲಸ ಕಳೆದುಕೊಂಡರು.

ಕೆಲಸ ಹೋದ ಮೇಲೆ ಹೆಂಗಸರ ಮನೋರೋಗದ ಬಗ್ಗೆ ಸಂಶೋಧನೆಗೆ ಕೂತರು. ಅದಕ್ಕಾಗಿ 1974ರಲ್ಲಿ ಕನಾತಿರ್ ಎಂಬ ಹೆಂಗಸರ ಜೈಲಿಗೆ ಹೋದಾಗ ಒಬ್ಬ ಕೈದಿಯ ಸುದ್ದಿ ಸಿಕ್ಕಿತು. ತಲೆಹಿಡುಕನೊಬ್ಬನನ್ನು ಕೊಂದು ಗಲ್ಲಿಗೆ ಕಾಯುತ್ತಿದ್ದವಳು. ಅವಳು ಯಾರ ಹತ್ತಿರವೂ ಮಾತಾಡಲು ಒಪ್ಪುತ್ತಿರಲಿಲ್ಲ, ಡಾಕ್ಟರಮ್ಮನನ್ನೂ ವಾಪಸ್ ಕಳಿಸಿದಳು, ಕೊನೆಗೊಂದು ದಿನ ತಾನೇ ಕರೆಸಿಕೊಂಡು ಎಲ್ಲ ಹೇಳಿದಳು. ಅದೇ ‘ವುಮನ್ ಅಟ್ ಪಾಯಿಂಟ್ ಜೀರೋ’ ಕಾದಂಬರಿಯಾಯಿತು. ಇದರಲ್ಲಿ ಲೇಖಕಿ ಬಾಯಿ ಬಿಡುವುದು ಶುರುವಿನ ಮತ್ತು ಕೊನೆಯ ಒಂದಿಷ್ಟು ಪುಟಗಳಲ್ಲಿ ಮಾತ್ರ. ನಡುವೆ ಪೂರ್ತಿ ಆ ಕೈದಿ ಫಿರ್ದೌಸಳದೇ ಮಾತು. ಭಾಷಣ ಮಾಡುವವರಿಗೆ ಇಷ್ಟು ಹೊತ್ತು ಸುಮ್ನೆ ಕೂತು ಕೇಳೋಕೆ ಬರುತ್ತಾ, ನೀವೇ ಹೇಳಿ.

ಏಳು ವರ್ಷ ಕಳೆಯಿತು. 1981ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಸಾದಾತ್ ತಮ್ಮನ್ನು ಟೀಕಿಸುವವರನ್ನೆಲ್ಲ ಹಿಡಿಸಿ ಹಾಕಿದರು. ಸಾದಾವಿಯನ್ನು ತಂದು ಬಿಟ್ಟದ್ದು ಅದೇ ಕನಾತಿರ್ ಜೈಲಿಗೆ. ಹಿಂದೆ ಡಾಕ್ಟರಾಗಿ ಹೋದಲ್ಲಿಗೆ ಈಗ ಕೈದಿಯಾಗಿ. ಪೆನ್ನು, ಕಾಗದ ಕೊಡುತ್ತಿರಲಿಲ್ಲ. ವೇಶ್ಯಾವೃತ್ತಿಗೆ ಜೈಲು ಸೇರಿದ್ದ ಹೆಂಗಸೊಬ್ಬಳು ಹುಬ್ಬು ತೀಡುವ ಪೆನ್ಸಿಲ್ಲು ಕದ್ದುಮುಚ್ಚಿ ತಂದುಕೊಟ್ಟಳು. ಟಾಯ್ಲೆಟ್ ಪೇಪರಿನ ಸುರುಳಿಯ ಮೇಲೆ ಅದರಲ್ಲೇ ಬರೆದರು. ಅಕ್ಟೋಬರಿನಲ್ಲಿ ಸಾದಾತ್ ಹತ್ಯೆಯಾಯಿತು, ಸ್ವಲ್ಪ ದಿನಕ್ಕೆ ಇವರ ಬಿಡುಗಡೆಯೂ ಆಯಿತು. ಜೈಲಿನ ನೆನಪುಗಳ ಪುಸ್ತಕ ಬಂದದ್ದು ಹಾಗೆ.

ಮುಂದಿನದು ಎಲ್ಲರಿಗೂ ಗೊತ್ತಿರುವ ಭಾಗ: 1982ರಲ್ಲಿ ಕಟ್ಟಿದ ಅರಬ್ ಮಹಿಳೆಯರ ಸಂಘವನ್ನು 1991ರಲ್ಲಿ ಸರ್ಕಾರ ಮುಚ್ಚಿಸಿತು, ಕೊಲೆ ಬೆದರಿಕೆ ಬಂದು ಅಮೆರಿಕಕ್ಕೆ ಪಾಠ ಹೇಳಲು ಹೋದರು. 2001ರಲ್ಲಿ ಒಬ್ಬ ವಕೀಲ ‘ಈಕೆ ಧರ್ಮ ಬಿಟ್ಟವಳು, ಗಂಡನಿಂದ ಬಿಡಿಸಿ’ ಅಂತ ಕೇಸು ಹಾಕಿದ. ಕೇಸು ಬಿದ್ದುಹೋಯಿತು. (ಆ ಗಂಡ ಶರೀಫ್ ಹತಾತಾ ಆಕೆಯ ಪುಸ್ತಕಗಳನ್ನು ಇಂಗ್ಲಿಷಿಗೆ ತಂದವರು. ಫಿರ್ದೌಸಳ ಕಥೆಯನ್ನೂ ಅವರೇ ತಂದದ್ದು.)

ಆಕೆಯನ್ನು ದೇವರ ಕೋಣೆಯಲ್ಲಿ ಕೂರಿಸುವ ಆಸೆ ನನಗಿಲ್ಲ. 2011ರಲ್ಲಿ, 79ರ ವಯಸ್ಸಿನಲ್ಲಿ, ಸರ್ಕಾರದ ವಿರುದ್ಧ ಜನ ಎದ್ದಾಗ ಕೈರೋದ ತಹ್ರೀರ್ ಚೌಕದಲ್ಲಿ ಹುಡುಗರ ಜೊತೆ ಕೂತವರು, ಎರಡು ವರ್ಷಕ್ಕೆ ಚುನಾವಣೆ ಗೆದ್ದು ಬಂದ ಅಧ್ಯಕ್ಷ ಮೊರ್ಸಿಯನ್ನು ಸೈನ್ಯ ಇಳಿಸಿದಾಗ ಅದನ್ನು ಸಮರ್ಥಿಸಿಕೊಂಡರು. ಅದು ನನಗೆ ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ.

ಫಿರ್ದೌಸಳ ಕಥೆ ನೂರು ಚಿಲ್ಲರೆ ಪುಟ, ಅಷ್ಟೇ. ಓದಿ, ಬೈಯಬೇಕು ಅನ್ನಿಸಿದರೆ ಇನ್ನೊಂದು ಪತ್ರ ಬರೆಯಿರಿ. ಒಂದಕ್ಷರ ಕತ್ತರಿಸದೆ ಹಾಕುತ್ತೇವೆ.

— ಸಂ.