ಸಂಪಾದಕರ ಉತ್ತರ: ಕರಡಿ ನೋಡಲು ಲಾಟರಿ ಏಕೆ?

ಕಳೆದ ಸಂಚಿಕೆಯಲ್ಲಿ ಬಂದ ಅಲಾಸ್ಕದ ಮೆಕ್‌ನೀಲ್ ನದಿಯ ಪ್ರವಾಸ ಲೇಖನವನ್ನು ಓದಿದ ಶಿವಮೊಗ್ಗದ ಓದುಗರೊಬ್ಬರು ಎರಡು ಆಕ್ಷೇಪಗಳನ್ನು ಬರೆದಿದ್ದಾರೆ. ಬೇಲಿಯೂ ಇಲ್ಲದ ಕಡೆ ಕಂದು ಕರಡಿಗಳ ಎದುರು ಕೂರುವುದನ್ನು ಹೊಗಳುವುದು ಹೊಣೆಗೇಡಿತನ ಎಂಬುದು ಒಂದು. ಹಣ ಕೊಡಲು ಸಿದ್ಧರಿರುವವರನ್ನು ಲಾಟರಿ ಎತ್ತಿ ಆರಿಸುವುದು ಯಾವ ನ್ಯಾಯ ಎಂಬುದು ಇನ್ನೊಂದು. ಬರುವ ಬೇಸಿಗೆಯಲ್ಲಿ ಸಿಯಾಟಲ್‌ನ ಮಗಳ ಮನೆಗೆ ಹೋಗಲಿರುವ ಅವರು, ಮೊಣಕಾಲು ನೋವಿರುವ ತಮಗೆ ಆ ಪ್ರವಾಸ ಆದೀತೇ ಎಂದೂ ಕೇಳಿದ್ದಾರೆ.

ಮಾನ್ಯರೇ,

ತಮ್ಮ ಎರಡನೆಯ ಆಕ್ಷೇಪದಲ್ಲೇ ಮೊದಲನೆಯದರ ಉತ್ತರ ಅಡಗಿದೆ. ಮೆಕ್‌ನೀಲ್ ಪ್ರದೇಶವನ್ನು 1967ರಲ್ಲಿ ಅಭಯಾರಣ್ಯವೆಂದು ಘೋಷಿಸಿದ ಮೇಲೂ ಕೆಲವು ವರ್ಷ ಯಾರು ಬೇಕಾದರೂ ಜಲಪಾತದ ದಂಡೆಗೆ ಹೋಗಬಹುದಿತ್ತು. ಜನ ಹೆಚ್ಚಿದಂತೆ ಕರಡಿಗಳು ಅಲ್ಲಿಂದ ಹಿಂಜರಿದವು. ಆದ್ದರಿಂದ 1973ರಲ್ಲಿ ಪರವಾನಗಿ ಪದ್ಧತಿ ಬಂತು. ಜೂನ್ 7ರಿಂದ ಆಗಸ್ಟ್ 25ರವರೆಗೆ, ದಿನಕ್ಕೆ ಹತ್ತೇ ಮಂದಿ, ಬಂದೂಕು ಹೊತ್ತ ಇಲಾಖೆಯ ಸಿಬ್ಬಂದಿಯ ಜೊತೆ ಒಂದೇ ಗುಂಪಾಗಿ, ದಿನವೂ ಅದೇ ಹಾದಿಯಲ್ಲಿ ನಡೆದು ಅದೇ ಜಾಗದಲ್ಲಿ ಕೂರುತ್ತಾರೆ. ಈ ಮನುಷ್ಯರು ಅಟ್ಟಿಸಿಕೊಂಡು ಬರುವವರಲ್ಲ, ತಿನ್ನಲು ಕೊಡುವವರೂ ಅಲ್ಲ ಎಂಬುದು ಕರಡಿಗೆ ಖಚಿತವಾದಾಗ ಅದು ಅವರನ್ನು ದಂಡೆಯ ಬಂಡೆಗಳಂತೆ ಬಗೆದು ಮೀನಿನ ಕಡೆ ತಿರುಗುತ್ತದೆ. ಪರವಾನಗಿಯನ್ನು ಹಣವುಳ್ಳವರಿಗೆಲ್ಲ ಮಾರಿದ್ದರೆ ಈ ನಂಬಿಕೆ ಒಂದೇ ಬೇಸಿಗೆಯಲ್ಲಿ ಮುರಿಯುತ್ತಿತ್ತು.

ನಮ್ಮ ಲೇಖನದಲ್ಲಿ ‘ಅಲ್ಲಿನ ಕರಡಿಗಳು ಸಾಧುವಾಗಿವೆ’ ಎಂದು ಅಚ್ಚಾದದ್ದು ತಪ್ಪು. ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಸಾಧುವಾಗುವುದು ಬೇರೆ, ಮನುಷ್ಯರನ್ನು ಲೆಕ್ಕಕ್ಕಿಡದಿರುವುದು ಬೇರೆ. ಮೆಕ್‌ನೀಲ್‌ಗೆ ಬಹಳ ದೂರವಲ್ಲದ ಕಾಟ್ಮಾಯ್ ತೀರದಲ್ಲಿ, ಬೇಸಿಗೆಗಳನ್ನೆಲ್ಲ ಕರಡಿಗಳ ನಡುವೆಯೇ ಕಳೆಯುತ್ತಿದ್ದ ತಿಮೊತಿ ಟ್ರೆಡ್‌ವೆಲ್ ಮತ್ತು ಅವರ ಸಂಗಾತಿ 2003ರ ಅಕ್ಟೋಬರ್‌ನಲ್ಲಿ ಕರಡಿಗೇ ಬಲಿಯಾದರು.

ಜುಲೈಯಲ್ಲಿ ಚಮ್ ಸಾಲ್ಮನ್ ಮೀನುಗಳು ಕಡಲಿನಿಂದ ನದಿಗೆ ಏರಿ ಬಂದು ಜಲಪಾತದ ಕೆಳಗೆ ಕಿಕ್ಕಿರಿಯುತ್ತವೆ. ಬಲಿಷ್ಠ ಗಂಡುಗಳು ಒಳ್ಳೆಯ ತಾಣಗಳನ್ನು ಹಿಡಿದು ಎದೆಮಟ್ಟದ ನೀರಿನಲ್ಲಿ ನಿಂತಿರುತ್ತವೆ. ಮರಿಗಳಿರುವ ತಾಯಿ ಅಂಚಿನಲ್ಲಿ ಸುಳಿದಾಡುತ್ತ, ಬಿಟ್ಟ ಮೀನಿಗೆ ಹೊಂಚು ಹಾಕುತ್ತದೆ. ಮೀನು ಧಾರಾಳವಾಗಿದ್ದಾಗ ಕರಡಿ ತೊಗಲು, ತತ್ತಿ, ಮಿದುಳುಗಳನ್ನಷ್ಟೇ ತಿಂದು ಮಾಂಸವನ್ನು ಕಡಲಹಕ್ಕಿಗಳಿಗೆ ಬಿಡುತ್ತದೆ. ಒಂದೇ ನೋಟಕ್ಕೆ ಎಪ್ಪತ್ತಕ್ಕೂ ಹೆಚ್ಚು ಕರಡಿಗಳು ಅಲ್ಲಿ ಕಂಡದ್ದುಂಟು. ಸಾಮಾನ್ಯವಾಗಿ ಒಂಟಿಯಾಗಿ ಬಾಳುವ ಪ್ರಾಣಿಯನ್ನು ಹೀಗೆ ಒಟ್ಟುಗೂಡಿಸುವುದು ಆ ಮೀನೊಂದೇ.

ನಮ್ಮ ದರೋಜಿ ಕರಡಿಧಾಮದಲ್ಲಿ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಕರಡಿಗಳನ್ನು ಬರಮಾಡಿಕೊಂಡು, ನಾವು ದೂರದ ವೀಕ್ಷಣಾ ಗೋಪುರದಿಂದ ನೋಡುತ್ತೇವೆ. ಪೊದೆಯಲ್ಲಿ ಹಠಾತ್ತನೆ ಎದುರಾದವನ ಮುಖಕ್ಕೇ ಎರಗುವ ನಮ್ಮ ಕರಡಿಯ ವಿಷಯದಲ್ಲಿ ಆ ದೂರ ಸರಿಯೇ. ತಮ್ಮ ಅಂಜಿಕೆಯ ಮೂಲವೂ ಅಲ್ಲಿಯದೇ ಇರಬೇಕು. ಬೆಲ್ಲದ ಬಗ್ಗೆ ಮಾತ್ರ ನನಗೆ ಅಷ್ಟು ಸಮಾಧಾನವಿಲ್ಲ.

ಇನ್ನು ಮೊಣಕಾಲಿನ ಮಾತು. ಹೋಮರ್ ಪಟ್ಟಣದಿಂದ ಹೊರಡುವ ಪುಟ್ಟ ನೀರುವಿಮಾನ ಕಡಲಿನ ಭರತ ನೋಡಿಕೊಂಡು ಇಳಿಯಬೇಕು. ಹವೆ ಕೆಟ್ಟರೆ ಹೊರಡುವುದೇ ಇಲ್ಲ. ಉಳಿಯಲು ಸ್ವಂತ ಡೇರೆ. ತೊಡೆಯವರೆಗಿನ ರಬ್ಬರ್ ಬೂಟು ತೊಟ್ಟು, ಕೆಸರು ಮತ್ತು ತೊರೆಯನ್ನು ದಾಟಿ, ಹೋಗುತ್ತ ಎರಡು ಮೈಲಿ, ಬರುತ್ತ ಎರಡು ಮೈಲಿ ನಡೆಯಬೇಕು. ನಾನಾದರೆ ತಮಗೆ ಕಾಟ್ಮಾಯ್ ರಾಷ್ಟ್ರೀಯ ಉದ್ಯಾನದ ಒಳನಾಡಿನ ಬ್ರೂಕ್ಸ್ ಜಲಪಾತವನ್ನು ಸೂಚಿಸುತ್ತೇನೆ: ಅಲ್ಲಿ ಕಟ್ಟಿಗೆಯ ಅಟ್ಟಣೆಗಳಿವೆ, ಹಾದಿಯೂ ಸುಗಮ, ಜನಸಂದಣಿ ಮಾತ್ರ ಜಾಸ್ತಿ. ಆದರೂ ಮೆಕ್‌ನೀಲ್ ನದಿಯೇ ಬೇಕೆಂದಿದ್ದರೆ ಮಾರ್ಚ್ 1ರೊಳಗೆ ಅರ್ಜಿ ಹಾಕಲು ಮಗಳಿಗೆ ಈಗಲೇ ತಿಳಿಸಿರಿ.

— ಸಂಪಾದಕ