ಹತ್ತು ದಿನದ ಕೆಲಸ ಕೂಡಿಡಬೇಕೇ?

ಕಣ ವೇಗವರ್ಧಕದ ಲೆಕ್ಕಗಳನ್ನು ಸ್ವಯಂಸೇವಕರ ಮನೆ ಕಂಪ್ಯೂಟರ್‌ಗಳಲ್ಲಿ ಮಾಡಿಸುವ ಎಲ್‌ಎಚ್‌ಸಿ ಅಟ್ ಹೋಮ್ ಯೋಜನೆಯಿಂದ ಸಿಕ್ಸ್‌ಟ್ರ್ಯಾಕ್ ಎಂಬ ಪ್ರೋಗ್ರಾಮಿನ ಕೆಲಸಗಳು ಮೂರು ದಿನ ಧಾರಾಳವಾಗಿ ಬಂದು, ಆಮೇಲೆ ಎರಡು ವಾರ ಒಂದೂ ಬರಲಿಲ್ಲ ಎಂದು ಬರೆದಿದ್ದೀರಿ. ಇಂಥ ಕೆಲಸಗಳನ್ನು ತರಿಸಿ ನಡೆಸುವ ಬಾಯಿಂಕ್ ತಂತ್ರಾಂಶದಲ್ಲಿ ಹತ್ತು ದಿನಕ್ಕಾಗುವಷ್ಟು ಕೆಲಸ ತುಂಬಿಸಿಟ್ಟುಕೊಳ್ಳಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ.

ಸಿಕ್ಸ್‌ಟ್ರ್ಯಾಕ್ ಲೆಕ್ಕ ಹಾಕುವುದು ವೇಗವರ್ಧಕದ ಉಂಗುರದಲ್ಲಿ ಸುತ್ತುವ ಕಣಗಳನ್ನು, ಹತ್ತು ಲಕ್ಷ ಸುತ್ತುಗಳವರೆಗೂ. ಭೌತವಿಜ್ಞಾನಿಗಳು ಅಯಸ್ಕಾಂತಗಳ ಒಂದೊಂದು ಹೊಂದಾಣಿಕೆಗೂ ಕೆಲಸಗಳನ್ನು ತಯಾರಿಸಿ ಒಟ್ಟಿಗೇ ಬಿಡುತ್ತಾರೆ. ಫಲಿತಾಂಶ ನೋಡಿ ಮುಂದಿನ ಪ್ರಶ್ನೆ ಹೂಡುವವರೆಗೆ ಸರದಿ ಖಾಲಿ. ಕಣ ಬೇಗನೇ ಗೋಡೆಗೆ ಬಡಿದರೆ ಕೆಲಸ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಅದು ದೋಷವಲ್ಲ, ಸರಿಯಾದ ಉತ್ತರವೇ. ಆದರೆ ಬಾಯಿಂಕ್‌ನ ಸಮಯದ ಅಂದಾಜು ಅದರಿಂದ ಕೆಡುತ್ತದೆ.

ಬೇರೆ ಕಾರಣಕ್ಕೂ ಕೆಲಸ ಖಾಲಿಯಾದದ್ದುಂಟು. 2020ರ ಮಾರ್ಚ್‌ನಲ್ಲಿ ಕೋವಿಡ್ ಸಂಶೋಧನೆಗೆಂದು, ಪ್ರೋಟೀನ್‌ಗಳ ಚಲನೆ ಲೆಕ್ಕ ಹಾಕುವ ಇಂಥದೇ ಯೋಜನೆಯಾದ ಫೋಲ್ಡಿಂಗ್ ಅಟ್ ಹೋಮ್‌ಗೆ ಸ್ವಯಂಸೇವಕರು ನುಗ್ಗಿದಾಗ ಯಂತ್ರಗಳು ಹೆಚ್ಚಾಗಿ ಕೆಲಸ ಸಾಲಲಿಲ್ಲ. ಅಲ್ಲಿ ಒಂದು ಹಂತದ ಫಲಿತಾಂಶದಿಂದಲೇ ಮುಂದಿನ ಹಂತ ಹುಟ್ಟುವುದರಿಂದ, ಎಲ್ಲವನ್ನೂ ಮೊದಲೇ ರಾಶಿ ಹಾಕಿಡಲು ಬರುವುದಿಲ್ಲ.

ಈಗ ನಿಮ್ಮ ಹತ್ತು ದಿನದ ವಿಚಾರ. ಒಂದೇ ಕೆಲಸ ಇಬ್ಬರಿಗೆ ಹೋಗಿದೆ, ಗಡುವು ಏಳು ದಿನ, ಎರಡೂ ಉತ್ತರ ತಾಳೆಯಾಗಬೇಕು ಎಂದುಕೊಳ್ಳಿ. ಮೊದಲನೆಯವರು ಮೂರು ಗಂಟೆಯಲ್ಲಿ ಮುಗಿಸಿದರು. ಎರಡನೆಯದು ನಿಮ್ಮ ರಾಶಿಯ ಅಡಿಯಲ್ಲಿದೆ. ಆರನೆಯ ದಿನ ನೀವು ಕಂಪ್ಯೂಟರ್ ಆರಿಸಿ ಊರಿಗೆ ಹೋದರೆ, ಗಡುವು ಕಳೆದ ಮೇಲಷ್ಟೇ ಸರ್ವರ್ ಮೂರನೆಯ ಪ್ರತಿ ಕಳಿಸುತ್ತದೆ. ಬಾಕಿಯೆಲ್ಲ ಮುಗಿದಿದ್ದರೂ ಇಂಥ ಬೆರಳೆಣಿಕೆಯ ಪ್ರತಿಗಳಿಗಾಗಿ ಇಡೀ ಅಧ್ಯಯನ ಕಾದು ಕೂರುತ್ತದೆ. ಮುಂದಿನ ಕಂತು ತಡವಾಗುವುದು ಹೀಗೆ. ಖಾಲಿ ದಿನಗಳಿಗೆ ಹೆದರಿ ಕೂಡಿಟ್ಟದ್ದು ಖಾಲಿ ದಿನಗಳನ್ನೇ ಹೆಚ್ಚಿಸುತ್ತದೆ.

ಬಾಯಿಂಕ್‌ನ ಕಂಪ್ಯೂಟಿಂಗ್ ಪ್ರಿಫರೆನ್ಸಸ್‌ನಲ್ಲಿ ಕೂಡಿಡುವ ಕೆಲಸಕ್ಕೆ ಮೊದಲಿನಿಂದ ಇರುವ 0.1 ದಿನ, ಹೆಚ್ಚುವರಿ 0.5 ದಿನ ಹಾಗೆಯೇ ಇರಲಿ. ಇಂಟರ್ನೆಟ್ ಆಗಾಗ ಕಡಿಯುವುದಾದರೆ ಒಂದು ದಿನ ಸಾಕು. ಬಿಡುವಿಗೆ ನಿಮಗಿಷ್ಟವಾದ ಇನ್ನೊಂದು ಯೋಜನೆ ಸೇರಿಸಿ, ಆ ಯೋಜನೆಯ ಖಾತೆಯಲ್ಲಿ ರಿಸೋರ್ಸ್ ಶೇರ್ (ಯಂತ್ರದ ಸಮಯದಲ್ಲಿ ಅದರ ಪಾಲು) ಸೊನ್ನೆ ಮಾಡಿ. ಉಳಿದವುಗಳಲ್ಲಿ ಕೆಲಸ ಇಲ್ಲದಾಗ ಮಾತ್ರ ಅದು ತರಿಸಿಕೊಳ್ಳುತ್ತದೆ, ಕೂಡಿಡುವುದಿಲ್ಲ.

ಅಪ್‌ಡೇಟ್ ಗುಂಡಿ ಒತ್ತುತ್ತಾ ಕೂರಬೇಡಿ. ಕೆಲಸ ಸಿಗದಾಗ ಬಾಯಿಂಕ್ ಬೇಕೆಂದೇ ಕಾಯುವ ಅವಧಿಯನ್ನು ಹೆಚ್ಚಿಸುತ್ತಾ ಹೋಗುತ್ತದೆ. ಎಲ್ಲರೂ ಒತ್ತಿದರೆ ಸರ್ವರ್‌ಗೇ ಭಾರ. ಅದರ ಬದಲು ಯೋಜನೆಯ ಜಾಲತಾಣದ ಸರ್ವರ್ ಸ್ಟೇಟಸ್ ಪುಟ ನೋಡಿ. ಕಳಿಸಲು ಸಿದ್ಧವಿರುವ ಕೆಲಸ ಸೊನ್ನೆಯಾಗಿದ್ದರೆ ಕಾಯುವುದೊಂದೇ ದಾರಿ. ಸಾವಿರಾರು ಇದ್ದೂ ನಿಮಗೆ ಗಂಟೆಗಟ್ಟಲೆ ಬಾರದಿದ್ದರೆ ಬಾಯಿಂಕ್‌ನ ಈವೆಂಟ್ ಲಾಗ್ ತೆರೆದು ಡಿಸ್ಕ್ ಜಾಗ ಕಡಿಮೆಯಾಗಿದೆಯೇ, ದಿನಕ್ಕೆ ಸಿಗುವ ಕೆಲಸಗಳ ಮಿತಿ ಮುಗಿದಿದೆಯೇ ಎಂದು ನೋಡಿ. ನಿಮ್ಮ ಯಂತ್ರ ಸಾಲಾಗಿ ದೋಷದ ಉತ್ತರ ಕಳಿಸಿದ್ದರೆ ಸರ್ವರ್ ಆ ಮಿತಿಯನ್ನು ತಗ್ಗಿಸಿರುತ್ತದೆ. ಸರಿಯಾದ ಉತ್ತರಗಳು ಬಂದ ಹಾಗೆ ಅದು ಮತ್ತೆ ಏರುತ್ತದೆ.

— ಸಂ.